ಪಗ್ ಕಣ್ಣಿನ ಹುಣ್ಣು: ನಾನು ಚಿಕಿತ್ಸೆ ಮಾಡಿದ ಬಗೆ

ನಾಯಿ ಒಂದು ಕಣ್ಣು ಮುಚ್ಚಿಕೊಂಡು, ನೀರು ಸುರಿಸುತ್ತಾ ಬಂದರೆ ನಾನು ಮೊದಲು ಕೇಳುವುದು, 'ಮನೆಯಲ್ಲಿ ಯಾವ ಡ್ರಾಪ್ಸ್ ಹಾಕಿದ್ರಿ?' ಎಷ್ಟೋ ಸಲ ಅದು ಮನೆಯವರ ಕಣ್ಣಿಗೆಂದು ತಂದು ಉಳಿದ ಬಾಟಲಿ. ಅದರಲ್ಲಿ ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಇದ್ದರೆ ಮೇಲ್ನೋಟಕ್ಕೆ ಕೆಂಪು ಇಳಿಯುತ್ತದೆ, ಒಳಗೆ ಹುಣ್ಣು ಆಳವಾಗುತ್ತಾ ಹೋಗುತ್ತದೆ. ಹುಣ್ಣಾಗುವ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ದಪ್ಪ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ವಯಸ್ಸಾದ ಅಮ್ಮ ಒಬ್ಬರು ತಂದ ಪಗ್ ನಾಯಿಯ ಸ್ಥಿತಿ ಹಾಗೇ ಆಗಿತ್ತು. ಹುಣ್ಣಿನ ಅಂಚು ಗಂಜಿಯ ಕೆನೆಯಂತೆ ಮೆತ್ತಗಾಗಿ ಕರಗುತ್ತಿತ್ತು.

ಔಷಧ ಹಾಕುವ ಮುಂಚೆ ಕಣ್ಣೀರು ಅಳೆದೆ. ರೆಪ್ಪೆಯ ಒಳಗೆ ಶಿರ್ಮರ್ ಪಟ್ಟಿ (ಕಣ್ಣೀರು ಹೀರುವ ಅಳತೆ ಕಾಗದ) ಇಟ್ಟರೆ ಒಂದು ನಿಮಿಷಕ್ಕೆ 15 ಮಿ.ಮೀ. ಆದರೂ ಒದ್ದೆಯಾಗಬೇಕು. ನೋವಿರುವ ಕಣ್ಣು ಹೇಗೂ ನೀರು ಸುರಿಸುತ್ತದೆ, ಹಾಗಾಗಿ ಚೆನ್ನಾಗಿರುವ ಕಣ್ಣನ್ನೂ ಅಳೆಯಬೇಕು. ಈ ಪಗ್‌ನ ಚೆನ್ನಾಗಿರುವ ಕಣ್ಣು 10 ಮಿ.ಮೀ. ಕೂಡ ಮುಟ್ಟಲಿಲ್ಲ. ಹುಣ್ಣಿನ ಮೂಲ ಒಣಗಣ್ಣು, ಅಂದರೆ ಕಣ್ಣೀರಿನ ಕೊರತೆ ಅನ್ನುವುದು ಅಲ್ಲೇ ಗೊತ್ತಾಯಿತು. ಆಮೇಲೆ ಹುಣ್ಣಿನಿಂದ ಕಲ್ಚರ್‌ಗೆ (ಯಾವ ಬ್ಯಾಕ್ಟೀರಿಯಾ ಎಂದು ಬೆಳೆಸಿ ನೋಡುವ ಪರೀಕ್ಷೆ) ಸ್ಯಾಂಪಲ್ ತೆಗೆದು, ಹುಣ್ಣನ್ನು ಹಸಿರಾಗಿ ತೋರಿಸುವ ಫ್ಲೋರೆಸಿನ್ ಬಣ್ಣ ಹಾಕಿದೆ. ಹುಣ್ಣಿನ ಜಾಗ ಪೂರ್ತಿ ಹಸಿರಾಯಿತು. ಸುತ್ತ ಹಸಿರಾಗಿ ನಡುವೆ ಕಪ್ಪಗೆ ಉಳಿದಿದ್ದರೆ ಕೊನೆಯ ಪೊರೆ ಮಾತ್ರ ಬಾಕಿ ಎಂದರ್ಥ. ಆಗ ತಡಮಾಡದೆ ಶಸ್ತ್ರಚಿಕಿತ್ಸೆಗೆ ಕಳಿಸುತ್ತೇನೆ.

ಕಾರ್ನಿಯಾ ಕರಗುವುದು ಬ್ಯಾಕ್ಟೀರಿಯಾದಿಂದ ಮಾತ್ರ ಅಲ್ಲ. ನಾಯಿಯದೇ ಬಿಳಿ ರಕ್ತಕಣಗಳು ಬಿಡುವ ಕಿಣ್ವಗಳೂ ಅದನ್ನು ತಿನ್ನುತ್ತವೆ. ಅವನ್ನು ತಡೆಯುವ ಅಂಶ ರಕ್ತದ ಸೀರಮ್‌ನಲ್ಲೇ ಇದೆ. ಪಗ್‌ನ ಕಾಲಿನಿಂದ ರಕ್ತ ತೆಗೆದು, ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ಸ್ಟೆರೈಲ್ ಡ್ರಾಪರ್ ಬಾಟಲಿಗೆ ತುಂಬಿದೆ. ಸೀರಮ್ ಬೇಗ ಕೆಡುತ್ತದೆ. ಅದಕ್ಕೇ ಫ್ರಿಜ್‌ನಲ್ಲಿಡಲು ಹೇಳಿ, ಎರಡು ದಿನಕ್ಕೊಮ್ಮೆ ಹೊಸದು ಮಾಡಿಕೊಟ್ಟೆ.

ಮೊದಮೊದಲು ಗಂಟೆಗೊಮ್ಮೆ ಸೀರಮ್, ಗಂಟೆಗೊಮ್ಮೆ ಮಾಕ್ಸಿಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಡ್ರಾಪ್ಸ್, ಎರಡರ ನಡುವೆ ಐದು ನಿಮಿಷ ಬಿಡುವು. ರಾತ್ರಿಯೂ ಬಿಡುವ ಹಾಗಿಲ್ಲ. 'ನಿದ್ದೆ ಹೋದ್ರೆ ಹೋಗ್ಲಿ, ನಾನೇ ಹಾಕ್ತೀನಿ ಡಾಕ್ಟ್ರೇ' ಎಂದರು ಅಮ್ಮ. ರಾತ್ರಿಯ ಪಾಳಿಯನ್ನು ಮೊಮ್ಮಗ ಹಂಚಿಕೊಂಡ. ಅವರಿಬ್ಬರಿಲ್ಲದೆ ನನ್ನ ಚೀಟಿಗೆ ಬೆಲೆಯಿರಲಿಲ್ಲ. ನೋವಿಗೆ ಬಾಯಿಯಿಂದ ಔಷಧ ಕೊಟ್ಟೆ. ಪಾಪೆ ಹಿಗ್ಗಿಸಿ ನೋವು ಇಳಿಸುವ ಅಟ್ರೋಪಿನ್ ಡ್ರಾಪ್ಸ್ ಕಣ್ಣೀರನ್ನು ಇನ್ನೂ ಒಣಗಿಸುತ್ತದೆ, ಅದಕ್ಕೆ ಅದನ್ನು ತೀರಾ ಕಡಿಮೆ ಬಳಸಿದೆ. ಕೊರಳಿಗೆ ಕೋನ್ ಹಾಕಿದ್ದು ಕೊನೆಯವರೆಗೂ ತೆಗೆಯಲಿಲ್ಲ. ಒಂದು ಸಲ ಪಂಜದಿಂದ ಉಜ್ಜಿದರೂ ಸಾಕು, ಕಣ್ಣೇ ಒಡೆಯಬಹುದು.

ಅಂಚು ಗಟ್ಟಿಯಾದ ಮೇಲೆ ಡ್ರಾಪ್ಸ್ ಕಡಿಮೆ ಮಾಡುತ್ತಾ ಬಂದೆ. ಕಣ್ಣಿನ ಬದಿಯಿಂದ ಸಣ್ಣ ರಕ್ತನಾಳಗಳು ಹುಣ್ಣಿನ ಕಡೆ ಬೆಳೆದು ಬಂದವು. ಮನೆಯವರು ಅದನ್ನು ನೋಡಿ ಗಾಬರಿಯಾದರು. ಅದು ವಾಸಿಯಾಗುವ ದಾರಿ ಎಂದು ವಿವರಿಸಿದೆ.

ಬಾಕ್ಸರ್ ನಾಯಿಗಳಲ್ಲಿ ಬರುವ ಇನ್ನೊಂದು ಹುಣ್ಣಿದೆ. ಆಳವಿರುವುದಿಲ್ಲ, ಆದರೆ ಹೊಸ ಪದರ ತಳಕ್ಕೆ ಅಂಟದೆ ವಾರಗಟ್ಟಲೆ ಹಾಗೇ ಇರುತ್ತದೆ. ಅದಕ್ಕೆ ಡ್ರಾಪ್ಸ್ ಮಾತ್ರ ಸಾಲದು. ಕಣ್ಣು ಮರಗಟ್ಟಿಸಿ, ಸಡಿಲವಾದ ಪದರವನ್ನು ಒಣ ಹತ್ತಿಕಡ್ಡಿಯಿಂದ ಉಜ್ಜಿ ತೆಗೆಯಬೇಕು. ಕರಗುವ ಹುಣ್ಣಿಗೆ ಹಾಗೆ ಮಾಡಲೇಬಾರದು.

ಪಗ್‌ಗೆ ಮತ್ತೆ ಬಣ್ಣ ಹಾಕಿದಾಗ ಹಸಿರು ಹಿಡಿಯಲಿಲ್ಲ. ಮಸುಕು ಕಲೆ ಉಳಿದಿದೆ, ಆದರೆ ಆ ಕಣ್ಣಲ್ಲಿ ನೋಡುತ್ತದೆ. ಒಣಗಣ್ಣು ಮಾತ್ರ ಹೋಗುವಂಥದ್ದಲ್ಲ. ಕಣ್ಣೀರು ಹೆಚ್ಚಿಸುವ ಸೈಕ್ಲೋಸ್ಪೊರಿನ್ ಮುಲಾಮನ್ನು ದಿನಕ್ಕೆರಡು ಸಲ, ಎರಡೂ ಕಣ್ಣಿಗೆ ಹಚ್ಚುತ್ತಿದ್ದಾರೆ. ಕಣ್ಣೀರಿನ ಅಳತೆ ಏರುತ್ತಿದೆಯೇ ಎಂದು ಈಗಲೂ ಕರೆಸಿ ನೋಡುತ್ತೇನೆ.