ಓಡದ ಫಾಸ್ಟ್: ‘ಸ್ಟೆಡ್‌ಫಾಸ್ಟ್’ ಬಳಸುವುದು ಹೇಗೆ?

ಸೀರೆ ಅಂಗಡಿಯವರು ‘ಫಾಸ್ಟ್ ಕಲರ್, ಹೆದರಬೇಡಿ’ ಎಂದಾಗ ಬಣ್ಣಕ್ಕೆ ವೇಗವಿದೆ ಎಂದು ಯಾರೂ ತಿಳಿಯುವುದಿಲ್ಲ. ಎಷ್ಟು ಒಗೆದರೂ ಬಿಡದ ಬಣ್ಣ ಅದು. ಇಂಗ್ಲಿಷಿನ ‘ಸ್ಟೆಡ್‌ಫಾಸ್ಟ್’ ಎಂಬ ಗುಣವಾಚಕದಲ್ಲಿ ಇರುವುದೂ ಅದೇ ಫಾಸ್ಟ್.

ಮೊದಲು ಪದವನ್ನು ಬಿಡಿಸಿ ನೋಡಿ. ‘ಸ್ಟೆಡ್’ ಎಂದರೆ ಜಾಗ, ನೆಲೆ. ‘ಇನ್‌ಸ್ಟೆಡ್’ ಎಂದರೆ ಒಂದರ ಜಾಗದಲ್ಲಿ ಇನ್ನೊಂದು. ನಮ್ಮ ಸ್ಥಾನ, ಸ್ಥಿತಿ, ಸ್ಥಿರಗಳಿಗೂ ಇದಕ್ಕೂ ದೂರದ ರಕ್ತಸಂಬಂಧವಿದೆ. ‘ಫಾಸ್ಟ್’ನ ಮೂಲಾರ್ಥ ಬಿಗಿ, ಗಟ್ಟಿ, ವೇಗದ ಅರ್ಥ ಆಮೇಲೆ ಅಂಟಿಕೊಂಡದ್ದು. ಉಪವಾಸಕ್ಕೆ ಫಾಸ್ಟ್ ಎನ್ನುವುದೂ ವ್ರತವನ್ನು ಬಿಗಿಯಾಗಿ ಹಿಡಿಯುವುದರಿಂದಲೇ. ಬೆಳಗಿನ ಇಡ್ಲಿ ಆ ಬಿಗಿಯನ್ನು ಮುರಿಯುತ್ತದೆ, ಅದಕ್ಕೇ ಬ್ರೇಕ್‌ಫಾಸ್ಟ್! ಎರಡೂ ಕೂಡಿದರೆ, ನಿಂತ ನೆಲೆಯಿಂದ ಕದಲದ ಎಂದಾಯಿತು.

ಉಚ್ಚಾರಣೆಯಲ್ಲಿ ಒಂದೇ ಎಚ್ಚರ: ‘ಸ್ಟೀಡ್’ ಎಂದು ಎಳೆಯಬೇಡಿ. ಅದು ಸವಾರಿಯ ಕುದುರೆ.

ಇನ್ನು ಬಳಕೆ. ಈ ಪದ ಮನುಷ್ಯರಿಗೆ, ಅವರ ನಿಷ್ಠೆ, ಬೆಂಬಲ, ನಂಬಿಕೆ, ನಿರಾಕರಣೆಗಳಿಗೆ ಒಪ್ಪುತ್ತದೆ. ‘ಸ್ಟೆಡ್‌ಫಾಸ್ಟ್ ಫ್ರೆಂಡ್’ ಎಂದರೆ ಕಷ್ಟಕಾಲದಲ್ಲೂ ಕೈಬಿಡದ ಗೆಳೆಯ. ಯಾವುದರಲ್ಲಿ ಅಚಲ ಎಂದು ಹೇಳಬೇಕಾದರೆ ಮುಂದೆ ‘ಇನ್’ ಬರುತ್ತದೆ, ನಮ್ಮ ಸಪ್ತಮಿ ವಿಭಕ್ತಿಯಂತೆ. ಅಲುಗಾಡದ ಮೇಜಿಗೆ ಇದು ಬೇಡ, ‘ಸ್ಟೆಡಿ’ ಸಾಕು. ಏರಿಳಿಯದ ಬೆಲೆಗೆ ‘ಸ್ಟೇಬಲ್’ ಇದೆ. ಕ್ರಿಯೆಯ ರೀತಿ ಹೇಳುವಾಗ ಕೊನೆಗೆ ‘ಲಿ’ ಸೇರಿಸಿ: ‘ಸ್ಟೆಡ್‌ಫಾಸ್ಟ್‌ಲಿ ರೆಫ್ಯೂಸ್ಡ್’, ಅಂದರೆ ಎಷ್ಟು ಒತ್ತಾಯಿಸಿದರೂ ಒಪ್ಪಲಿಲ್ಲ.

ವಿದ್ಯಾರ್ಥಿಗಳು ಹೆಚ್ಚು ಎಡವುವುದು ‘ಸ್ಟಬರ್ನ್’ ಜೊತೆಗೆ ಗೊಂದಲ ಮಾಡಿಕೊಂಡು. ಎರಡರಲ್ಲೂ ಪಟ್ಟು ಸಡಿಲವಾಗುವುದಿಲ್ಲ. ಆದರೆ ಸ್ಟೆಡ್‌ಫಾಸ್ಟ್‌ನಲ್ಲಿ ಮೆಚ್ಚುಗೆಯಿದೆ, ಸ್ಟಬರ್ನ್‌ನಲ್ಲಿ ಸಾಮಾನ್ಯವಾಗಿ ಬೇಸರ. ಅಮ್ಮ ತನ್ನ ಮಗನಿಗೆ ಮೊದಲನೆಯದನ್ನು, ನೆರೆಮನೆಯ ಹುಡುಗನಿಗೆ ಎರಡನೆಯದನ್ನು ಹೇಳಬಹುದು. ಇಬ್ಬರೂ ಮಾಡಿದ್ದು ಒಂದೇ ಆಗಿದ್ದರೂ. ಅರ್ಜಿಯಲ್ಲಿ ನಿಮ್ಮನ್ನು ನೀವೇ ಸ್ಟೆಡ್‌ಫಾಸ್ಟ್ ಎಂದು ಕರೆದುಕೊಳ್ಳಬೇಡಿ ಎಂಬುದು ನನ್ನ ಸಲಹೆ. ಇದು ಇತರರ ಬಾಯಲ್ಲಿ ಬಂದರೆ ಚಂದ.

ಕನ್ನಡಕ್ಕೆ ತರುವಾಗ ‘ಸ್ಥಿರವಾದ’ ಎಂದು ಎಲ್ಲೆಡೆ ಅಂಟಿಸಬೇಡಿ. ನಂಬಿಕೆಗೆ ‘ಅಚಲ’ ಸರಿ, ನಿರ್ಧಾರಕ್ಕೆ ‘ದೃಢ’ ಸರಿ. ‘ಸ್ಟೆಡ್‌ಫಾಸ್ಟ್ ಗೇಜ್’ ಬಂದರೆ ನಿಘಂಟನ್ನು ಪಕ್ಕಕ್ಕಿಡಿ. ಅದಕ್ಕೆ ‘ನೆಟ್ಟ ನೋಟ’ ಎಂಬ ಮಾತು ನಮ್ಮಲ್ಲೇ ಇದೆ.