ಪಾಯಿಂಟ್ 32ರ ತೋಟಾ ಕಲಿಸಿದ ಗುರಿ: ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗದಲ್ಲಿ ನಾಲ್ಕು ಲೇತ್‌ಗಳ ಸಣ್ಣ ವರ್ಕ್‌ಶಾಪ್ ನಡೆಸುವ ನಾನು ಗುರಿಯಿಟ್ಟು ಹೊಡೆಯುವ ಅಭ್ಯಾಸಕ್ಕೆ ಬಂದದ್ದು ನಲವತ್ತು ದಾಟಿದ ಮೇಲೆ. ಆತ್ಮರಕ್ಷಣೆಗೆಂದು ಲೈಸನ್ಸ್ ಪಡೆದು ಕೊಂಡಿದ್ದ .32 ರಿವಾಲ್ವರ್, ಅಂದರೆ ಸುಮಾರು 0.32 ಇಂಚು ದಪ್ಪದ ಗುಂಡು ಹಾರಿಸುವಂಥದ್ದು, ಎರಡು ವರ್ಷ ತಿಜೋರಿಯಲ್ಲಿಯೇ ಇತ್ತು. ಆಗೊಮ್ಮೆ ಈಗೊಮ್ಮೆ ಎಣ್ಣೆ ಹಚ್ಚುವುದು, ಚುನಾವಣೆ ಬಂದಾಗ ಪೊಲೀಸ್ ಠಾಣೆಗೆ ಒಪ್ಪಿಸುವುದು, ಮುಗಿದ ಮೇಲೆ ಮರಳಿ ತರುವುದು ಬಿಟ್ಟರೆ ಅದನ್ನು ಮುಟ್ಟಿದವನಲ್ಲ. ಹೊಡೆಯಲು ಬಾರದವನ ಕೈಯಲ್ಲಿ ಆಯುಧವಿರುವುದು ಎಲ್ಲರಿಗೂ ಅಪಾಯವೆಂದು ಒಂದು ದಿನ ಮನಸ್ಸಿಗೆ ಬಲವಾಗಿ ತಟ್ಟಿ, ಊರ ಹೊರಗಿನ ಶೂಟಿಂಗ್ ರೇಂಜಿಗೆ ಹೋಗತೊಡಗಿದೆ.

ಅಲ್ಲಿ ನಮಗೆ ಕಲಿಸುತ್ತಿದ್ದವರು ಸೇನೆಯಿಂದ ನಿವೃತ್ತರಾದ ಒಬ್ಬ ಸುಬೇದಾರರು. ಮೊದಲ ದಿನ ಹತ್ತು ಮೀಟರಿನಿಂದ ಹೊಡೆದ ಆರೂ ಗುಂಡುಗಳು ಗುರಿಯ ಕರಿಭಾಗದಿಂದ ಕೆಳಕ್ಕೆ, ಎಡಕ್ಕೆ ಚೆದುರಿ ಬಿದ್ದಿದ್ದವು. ರಿವಾಲ್ವರಿನ ಸೈಟ್, ಅಂದರೆ ನಳಿಗೆಯ ಮೇಲೆ ಗುರಿ ಹಿಡಿಯುವ ಗುರುತು, ಸರಿಯಿಲ್ಲವೆಂದು ನಾನು ವಾದಿಸಿದೆ. ಅವರು ಏನೂ ಹೇಳದೆ ರಿವಾಲ್ವರ್ ಇಸಿದುಕೊಂಡು, ನನಗೆ ಬೆನ್ನು ಮಾಡಿ, ನಾಲ್ಕು ಜೀವಂತ ತೋಟಾಗಳ ನಡುವೆ ಎರಡು ಖಾಲಿ ಕೇಸುಗಳನ್ನು, ಅಂದರೆ ಹಾರಿಸಿದ ಮೇಲೆ ಉಳಿದ ತೋಟಾದ ಲೋಹದ ಕವಚಗಳನ್ನು, ಸೇರಿಸಿ ಕೊಟ್ಟರು. ತೋಟಾಗಳು ಕೂರುವ, ತಿರುಗುವ ಸಿಲಿಂಡರಿನ ಯಾವ ಕೋಣೆಯಲ್ಲಿ ಯಾವುದಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಮೊದಲೆರಡು ಹಾರಿದವು. ಮೂರನೆಯ ಸಲ ಬರೀ ಟಕ್ ಎಂದಿತು. ಗುಂಡು ಹಾರದಿದ್ದರೂ ನಳಿಗೆಯ ತುದಿ ಎರಡು ಬೆರಳಿನಷ್ಟು ಕೆಳಗೆ ಬಾಗಿದ್ದನ್ನು ನಾನೇ ಕಣ್ಣಾರೆ ಕಂಡೆ. "ಸೈಟ್‌ನಾಗ ಏನೂ ಊನ ಇಲ್ಲರಿ ಸಾಹೇಬ್ರ. ಗುಂಡು ಹಾರೂಕಿಂತ ಮೊದ್ಲ ನಿಮ್ಮ ಕೈ ಹೆದರತೈತಿ," ಎಂದರು.

ಈ ಪಾಠಕ್ಕೆ ರಿವಾಲ್ವರಿನಷ್ಟು ಅನುಕೂಲವಾದ ಆಯುಧ ಇನ್ನೊಂದಿಲ್ಲ. ಸಿಲಿಂಡರಿನಲ್ಲಿ ಖಾಲಿ ಕೇಸು ಇದ್ದರೂ ಅದರ ತಿರುಗಾಟ ನಿಲ್ಲುವುದಿಲ್ಲ, ಮುಂದಿನ ಸಲ ಟ್ರಿಗರ್ ಎಳೆದರೆ ಮುಂದಿನ ಕೋಣೆ ಬಂದು ನಿಲ್ಲುತ್ತದೆ. ಆದರೆ ಹೆದರಿಕೆಯನ್ನು ಕಾಣುವುದು ಬೇರೆ, ಬಿಡುವುದು ಬೇರೆ. ಬಿಡಲು ನೂರಾರು ಸಲ ಹೊಡೆಯಬೇಕು, ಅದಕ್ಕೆ ಮಣಿಕಟ್ಟನ್ನು ಜಜ್ಜದ ತೋಟಾ ಬೇಕು. ಮಧ್ಯಮ ಬಲದ ತೋಟಾಗಳು ನನ್ನ ಮನಸ್ಸನ್ನು ಹಿಡಿದದ್ದು ಈ ಕಾರಣಕ್ಕೆ.

.22ರ ಸೀಸದ ಗುಂಡು ಸುಮಾರು 2.6 ಗ್ರಾಂ ತೂಗುತ್ತದೆ. ಅದರ ಒದೆತ ಇಲ್ಲವೆಂದೇ ಹೇಳಬಹುದು, ಹೊಸಬರು ಅದರಿಂದ ಆರಂಭಿಸುವುದೇ ಸರಿ. 1896ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ ತಂದ .32 ಲಾಂಗ್ ತೋಟಾದ ಗುಂಡು ಸುಮಾರು 6.4 ಗ್ರಾಂ, ಸೆಕೆಂಡಿಗೆ 215 ಮೀಟರಿನ ಆಸುಪಾಸಿನಲ್ಲಿ ಹಾರುತ್ತದೆ. ಶಬ್ದದ ವೇಗಕ್ಕಿಂತ ಇದು ಎಷ್ಟೋ ಕಡಿಮೆಯಾದ್ದರಿಂದ, ವೇಗದ ಗುಂಡುಗಳು ಗಾಳಿಯನ್ನು ಸೀಳುವಾಗ ಕೇಳುವ ಚಾಟಿಯೇಟಿನಂಥ ಸದ್ದು ಇದಕ್ಕಿಲ್ಲ. ಅಂಗೈಗೆ ಒಂದು ಗಟ್ಟಿ ತಳ್ಳು ಬರುತ್ತದೆ, ನಳಿಗೆ ಎದ್ದು ಮತ್ತೆ ತನ್ನ ಜಾಗಕ್ಕೆ ಇಳಿಯುತ್ತದೆ. ಆ ಏಳುವಿಕೆಯನ್ನು ಕಣ್ಣು ಮುಚ್ಚದೆ ನೋಡಲು ಸಾಧ್ಯವಾದ ದಿನವೇ ನನ್ನ ಗುರಿ ಸುಧಾರಿಸಿತು.

ಹೆಚ್ಚು ಬಲದ ತೋಟಾ ಹೇಗಿರುತ್ತದೆಂದು ತಿಳಿದದ್ದು ಥಾಯ್ಲೆಂಡ್ ಪ್ರವಾಸದಲ್ಲಿ, ಫುಕೆಟ್‌ನ ಒಂದು ರೇಂಜಿನಲ್ಲಿ. .357 ಮ್ಯಾಗ್ನಮ್ ರಿವಾಲ್ವರಿನಲ್ಲಿ ಅದಕ್ಕಿಂತ ಕಡಿಮೆ ಬಲದ .38 ಸ್ಪೆಷಲ್ ತೋಟಾಗಳನ್ನೂ ಹೊಡೆಯಬಹುದು; ಹೆಸರಿನ ಅಂಕಿ ಬೇರೆಯಾದರೂ ಗುಂಡಿನ ದಪ್ಪ ಒಂದೇ. ಮ್ಯಾಗ್ನಮ್‌ನ ಕೇಸು ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು ಉದ್ದವಿರುವುದರಿಂದ ಅದು .38ರ ಸಿಲಿಂಡರಿನಲ್ಲಿ ಕೂರುವುದಿಲ್ಲ. ಯಂತ್ರಗಳ ಅಳತೆಯಲ್ಲೇ ಬದುಕುವ ನನಗೆ, ತಪ್ಪು ಮಾಡಲು ಎಡೆಯೇ ಕೊಡದ ಈ ಏರ್ಪಾಡು ಬಹಳ ಮೆಚ್ಚಿಕೆಯಾಯಿತು. .38ರ ಆರು ತೋಟಾಗಳನ್ನು ಸಂತೋಷದಿಂದ ಹೊಡೆದೆ; .32ಕ್ಕಿಂತ ಭಾರವಾದರೂ ಅದೇ ಗುಣದ್ದು. ಆಮೇಲೆ ಅದೇ ರಿವಾಲ್ವರಿನಲ್ಲಿ ಮ್ಯಾಗ್ನಮ್. ಅದರ ಶಕ್ತಿ .32 ಲಾಂಗ್‌ನ ಸುಮಾರು ಐದು ಪಟ್ಟು. ಮೂರನೆಯದಕ್ಕೇ ಹೆಬ್ಬೆರಳಿನ ಬುಡ ಉರಿಯತೊಡಗಿತು. ನಾಲ್ಕನೆಯದರ ಹೊತ್ತಿಗೆ, ವರ್ಷಗಟ್ಟಲೆ ಕಷ್ಟಪಟ್ಟು ಕಳೆದುಕೊಂಡಿದ್ದ ಹೆದರಿಕೆ ಕೈಗೆ ಮರಳಿ ಬಂದಿತ್ತು. ಉಳಿದೆರಡನ್ನು ಹೊಡೆಯದೆ ಇಳಿಸಿಟ್ಟೆ.

.32ರಂಥ ಮಧ್ಯಮ ಬಲದ ತೋಟಾಗಳನ್ನು ದುರ್ಬಲವೆಂದು ಹಗುರಾಗಿ ಮಾತಾಡುವವರಿಗೆ ನಾನು 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯನ್ನು, ಅಂದರೆ ತಳದ ನಡುವಿಗೆ ಬಡಿದು ಹಾರಿಸುವ ತೋಟಾಗಳ ಸ್ಪರ್ಧೆಯನ್ನು, ತೋರಿಸುತ್ತೇನೆ. ನಿಯಮ 7.62ರಿಂದ 9.65 ಮಿಲಿಮೀಟರ್‌ವರೆಗಿನ, ಅಂದರೆ ಇಂಚಿನಲ್ಲಿ .30ರಿಂದ .38ವರೆಗಿನ ಗಾತ್ರಕ್ಕೆ ಅವಕಾಶ ಕೊಟ್ಟಿದ್ದರೂ, ಬಹಳಷ್ಟು ಸ್ಪರ್ಧಿಗಳು ಆರಿಸಿಕೊಳ್ಳುವುದು .32 ಲಾಂಗನ್ನೇ. ಭಾರತದ ಶೂಟರ್ ಜಸ್ಪಾಲ್ ರಾಣಾ ಅವರು 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ 600ಕ್ಕೆ 590 ಅಂಕ ಗಳಿಸಿ ಚಿನ್ನ ಗೆದ್ದದ್ದು ಈ ಸ್ಪರ್ಧೆಯಲ್ಲಿಯೇ. ಅಲ್ಲಿ ಬಳಸುವ ವಾಡ್‌ಕಟರ್ ಗುಂಡಿನ ಮೂತಿ ಚಪ್ಪಟೆಯಾಗಿರುತ್ತದೆ. ನಮ್ಮ ರೇಂಜಿನ ಒಬ್ಬ ಸ್ಪರ್ಧಿಯ ಗುರಿಕಾಗದವನ್ನು ನಾನು ಬೆಳಕಿಗೆ ಹಿಡಿದು ನೋಡಿದ್ದೇನೆ: ಪಂಚಿಂಗ್ ಯಂತ್ರದಿಂದ ಕೊರೆದಂತೆ ಅಂಚು ಸ್ವಚ್ಛವಾದ ದುಂಡನೆಯ ತೂತುಗಳು. ನನ್ನ ದುಂಡುಮೂತಿಯ ಗುಂಡುಗಳಾದರೋ ಕಾಗದವನ್ನು ಹರಿದು ಅಂಚನ್ನು ನವಿರು ನವಿರಾಗಿ ಬಿಡಿಸುತ್ತವೆ. ಗುಂಡು ಗೆರೆಯನ್ನು ಮುಟ್ಟಿತೋ ಇಲ್ಲವೋ ಎಂಬ ತಕರಾರು ಅಲ್ಲಿಯೇ ಹುಟ್ಟುತ್ತದೆ.

ನನ್ನ ರಿವಾಲ್ವರ್ ಸ್ಪರ್ಧೆಯ ಆಯುಧವಲ್ಲ. ಮೂರಿಂಚಿನ ನಳಿಗೆಯಲ್ಲಿ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ಅಂತರ ಕಡಿಮೆ, ಆದ್ದರಿಂದ ಕೂದಲೆಳೆಯಷ್ಟು ಓರೆಯಾದರೂ 25 ಮೀಟರಿನಾಚೆ ಅದು ಬೆರಳಗಲವಾಗುತ್ತದೆ. ತೋಟಾಕ್ಕೆ ಬಡಿಯುವ ಹ್ಯಾಮರನ್ನು ಮೊದಲೇ ಹಿಂದಕ್ಕೆಳೆದು ಹೊಡೆದಾಗ ಟ್ರಿಗರ್ ಹಗುರವಾಗಿ ಬಿಡುತ್ತದೆ. ಹಾಗೆ ಎಳೆಯದೆ ಹೊಡೆಯುವಾಗ ಟ್ರಿಗರ್ ಎಳೆಯುವ ಬೆರಳೇ ಹ್ಯಾಮರನ್ನೂ ಹಿಂದಕ್ಕೊತ್ತಿ ಸಿಲಿಂಡರನ್ನೂ ತಿರುಗಿಸಬೇಕು. ನಾನು ಈಗ ಅರ್ಧ ತೋಟಾಗಳನ್ನು ಈ ಎರಡನೆಯ ಕಷ್ಟದ ಬಗೆಯಲ್ಲಿಯೇ ಹೊಡೆಯುತ್ತೇನೆ. ತೋಟಾ ದುಬಾರಿ, ಲೈಸನ್ಸ್ ಪುಸ್ತಕದಲ್ಲಿ ಅದಕ್ಕೆ ಮಿತಿಯೂ ಇದೆ. ಹಾಗಾಗಿ ಒಂದು ಭಾನುವಾರಕ್ಕೆ ಹನ್ನೆರಡಕ್ಕಿಂತ ಹೆಚ್ಚು ಹಾರಿಸುವುದಿಲ್ಲ.

ಈ ಸಲ ಬೆಳಗಾವಿಯ ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ಸುಬೇದಾರರು ಮತ್ತೆ ನಾಲ್ಕು ತೋಟಾಗಳಿಗೆ ಎರಡು ಖಾಲಿ ಕೇಸು ಬೆರೆಸಿ ಕೊಟ್ಟರು. ಟಕ್ ಎಂದಾಗ ಮುಂದಿನ ಸೈಟ್ ಇದ್ದಲ್ಲಿಯೇ ಇತ್ತು. ಇನ್ನೊಂದು ಖಾಲಿ ಕೇಸಿಗೆ ತುಸು ಕದಲಿತು. "ಇನ್ನೊಂದು ಉಳದೈತಿ ನೋಡ್ರಿ," ಎಂದು ಅವರು ಮತ್ತೆ ಕೇಸುಗಳನ್ನು ತುಂಬತೊಡಗಿದರು.