‘ಹಾಲುತೊಂಡೆ’ ಎಂದು ಬರೆದ ಮೇಲೆ ಗೂಗಲ್‌ನಲ್ಲಿ ಮೇಲೆ ಬಂದೆವು

ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ಸಾಕಣೆ ಸಾಮಾನಿನ ಅಂಗಡಿ. ಚಂದ್ರಂಕಿ (ಹುಳು ಹತ್ತಿ ಗೂಡು ಕಟ್ಟುವ ತಟ್ಟೆ), ಬಲೆ, ಟ್ರೇ, ಸೋಂಕು ನಿವಾರಕ ಪುಡಿ, ಸ್ಪ್ರೇಯರ್, ಇಷ್ಟೇ ವ್ಯಾಪಾರ. ವೆಬ್‌ಸೈಟ್ ಮಾಡಿಸಿದ್ದು 2023ರಲ್ಲಿ. ‘ಹುಳ ಮೇಯಿಸೋರು ಗೂಗಲ್ ನೋಡ್ಕೊಂಡು ಕೂತಿರ್ತಾರಾ? ಅದೂ ಕನ್ನಡದಲ್ಲಿ?’ ಎಂದು ನಮ್ಮ ಭಾವ ಆಗಲೇ ಕೇಳಿದ್ದರು. ಈಗ ‘ಹುಳು ಹಣ್ಣಾಗುತ್ತಿಲ್ಲ’ (ಗೂಡು ಕಟ್ಟುವ ಹದಕ್ಕೆ ಬರುತ್ತಿಲ್ಲ) ಎಂದು ಹುಡುಕಿದರೆ ಮೊದಲ ಮೂರರೊಳಗೆ ನಮ್ಮ ಪುಟ ಸಿಗುತ್ತದೆ. ಚಿಂತಾಮಣಿ, ಕೋಲಾರದ ಕಡೆ ಸೈಟ್ ನಡೆಸುವ ಮೂರ್ನಾಲ್ಕು ಮಂದಿ ಹೇಗೆ ಮಾಡಿದೆ ಎಂದು ಕೇಳಿದರು, ಅದಕ್ಕೇ ಬರೆಯುತ್ತಿದ್ದೇನೆ. ಸೈಟ್‌ಮ್ಯಾಪ್, ಟೈಟಲ್, ಗೂಗಲ್ ಹುಡುಕಾಟದ ಲೆಕ್ಕ ಕೊಡುವ ಸರ್ಚ್ ಕನ್ಸೋಲ್ ಎಲ್ಲ ನಿಮಗೆ ಗೊತ್ತಿರುವುದೇ. ಅದರ ಪಾಠ ಇಲ್ಲಿಲ್ಲ.

ಮೊದಲು ಹೋದ ದುಡ್ಡಿನ ಲೆಕ್ಕ. ಸೈಟನ್ನು ಗೂಗಲ್‌ನಲ್ಲಿ ಮೇಲೆ ತರುವ ಕೆಲಸದ, ಬೆಂಗಳೂರಿನ ಒಂದು ಏಜೆನ್ಸಿಗೆ ತಿಂಗಳಿಗೆ ಹನ್ನೆರಡು ಸಾವಿರದಂತೆ ಆರೇಳು ತಿಂಗಳು ಕೊಟ್ಟೆ. ಹತ್ತಿರ ಹತ್ತಿರ ಎಂಬತ್ತು ಸಾವಿರ. ಅದರಲ್ಲಿ ಬ್ಯಾಕ್‌ಲಿಂಕ್ (ಬೇರೆ ಸೈಟ್‌ಗಳಿಂದ ನಮ್ಮದಕ್ಕೆ ಬರುವ ಲಿಂಕ್) ಖರೀದಿಗೇ ಹದಿನೈದು ಸಾವಿರ. ಪ್ರತಿ ಪುಟದಲ್ಲೂ ಓದುವವರಿಗೆ ಕಾಣದ ಮೆಟಾ ಟ್ಯಾಗಿನಲ್ಲಿ ನಲವತ್ತು ಕೀವರ್ಡ್ ತುಂಬಿದರು. ರ‍್ಯಾಂಕಿಂಗ್‌ಗೆ ಮೆಟಾ ಕೀವರ್ಡ್ ನೋಡುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿತ್ತು ಅನ್ನುವುದು ನನಗೆ ತಿಳಿದದ್ದು ದುಡ್ಡು ಕೊಟ್ಟಾದ ಮೇಲೆ. ಊರಿನ ಹೆಸರು ಮಾತ್ರ ಬದಲಿಸಿ ಒಂದೇ ಪುಟವನ್ನು ಅರವತ್ತು ಸಲ ಹಾಕಿದ್ದರು. ‘ಮುಳಬಾಗಿಲಿನಲ್ಲಿ ಚಂದ್ರಿಕೆ’, ‘ಶ್ರೀನಿವಾಸಪುರದಲ್ಲಿ ಚಂದ್ರಿಕೆ’, ‘ವಿಜಯಪುರದಲ್ಲಿ ಚಂದ್ರಿಕೆ’, ಹೀಗೆ. ಪುಸ್ತಕದ ಭಾಷೆಯಲ್ಲಿ ಚಂದ್ರಂಕಿಯೇ ಚಂದ್ರಿಕೆ.

ದುಡ್ಡಿಗಿಂತ ಹೆಚ್ಚು ನೋವಾದದ್ದು ಅವರು ಬರೆಸಿದ ಒಂದು ಸಾಲಿಗೆ. ಹುಳು ಪೊರೆ ಬಿಡಲು ಸೊಪ್ಪು ಬಿಟ್ಟು ತಲೆ ಎತ್ತಿ ಕೂರುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತೇವೆ. ಮೊದಲನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಏಜೆನ್ಸಿಯ ಬರಹಗಾರರು ಈ ಮಾತನ್ನು ಎಲ್ಲಿಂದಲೋ ಎತ್ತಿಕೊಂಡು ‘ಹುಳುಗಳಿಗೆ ಜ್ವರ ಬಂದರೆ ತಡಮಾಡದೆ ಔಷಧಿ ಕೊಡಿ’ ಎಂದು ಬರೆದಿದ್ದರು. ಅದನ್ನು ಓದಿದ ಜಂಗಮಕೋಟೆ ಕಡೆಯ ರೈತರೊಬ್ಬರು ಅಂಗಡಿಗೇ ಬಂದರು. ‘ಅಣ್ಣಾ, ನೀವೇ ಹಿಂಗ್ ಬರೆದ್ರೆ ನಿಮ್ಮ ಪುಡಿ ನಂಬ್ಕೊಂಡು ಹೆಂಗ್ ತಗಂಡೋಗೋದು?’ ಅಂದರು. ಆ ರಾತ್ರಿ ನಾನು ಸರಿಯಾಗಿ ಊಟ ಮಾಡಲಿಲ್ಲ.

2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಹುಡುಕಾಟದಲ್ಲಿ ದೊಡ್ಡ ಅಪ್‌ಡೇಟ್ ತಂದಿತು. ಅದುವರೆಗೆ ದಿನಕ್ಕೆ ಮೂವತ್ತು ಕ್ಲಿಕ್ ಬರುತ್ತಿದ್ದದ್ದು ಎರಡು ವಾರದಲ್ಲಿ ನಾಲ್ಕೈದಕ್ಕೆ ಇಳಿಯಿತು. ಏಜೆನ್ಸಿಯವರು ಇನ್ನಷ್ಟು ಲಿಂಕ್ ಕೊಳ್ಳೋಣ ಅಂದರು. ನಾನು ಲೆಕ್ಕ ಮುಗಿಸಿ ಪಾಸ್‌ವರ್ಡ್ ವಾಪಸ್ ತೆಗೆದುಕೊಂಡೆ. ಊರು ಹೆಸರಿನ ಆ ಅರವತ್ತೂ ಪುಟಗಳನ್ನು ಒಂದು ಭಾನುವಾರ ಕೂತು ಅಳಿಸಿ 410 (ಪುಟ ಶಾಶ್ವತವಾಗಿ ತೆಗೆದಿದೆ ಎಂದು ಗೂಗಲ್‌ಗೆ ಹೇಳುವ ಸಂಕೇತ) ಕೊಟ್ಟೆ. ‘ಇದ್ದಬದ್ದ ಪುಟಾನೂ ಅಳಿಸಿದ್ಯಲ್ಲೋ’ ಎಂದು ಭಾವ ತಲೆ ಚಚ್ಚಿಕೊಂಡರು.

ಆಮೇಲೆ ಮಾಡಿದ್ದು ಒಂದೇ ಕೆಲಸ. ಗಲ್ಲಾಪೆಟ್ಟಿಗೆ ಪಕ್ಕ ಇನ್ನೂರು ಪುಟದ ನೋಟ್‌ಬುಕ್ ಇಟ್ಟು, ಅಂಗಡಿಗೆ ಬಂದವರು ಕೇಳಿದ ಪ್ರಶ್ನೆಯನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆದಿಟ್ಟೆ. ಮೂರು ತಿಂಗಳಲ್ಲಿ ನೂರ ನಲವತ್ತರ ಮೇಲಾಯಿತು. ‘ಹುಳ ಹಸಿರು ನೀರು ಕಕ್ತಾವೆ’, ‘ಸುಣ್ಣ ಯಾವಾಗ ಎರಚೋದು’, ‘ನೂರು ಮೊಟ್ಟೆಗೆ ಎಷ್ಟು ಚಂದ್ರಂಕಿ ಬೇಕು’. ಚಂದ್ರಿಕೆ ಎಂದವರು ನೂರಕ್ಕೆ ಹತ್ತು ಜನ ಇರಬಹುದು, ಮಿಕ್ಕವರೆಲ್ಲ ಚಂದ್ರಂಕಿ ಎಂದವರೇ. ನಮ್ಮ ಸೈಟಿನಲ್ಲಿ ಚಂದ್ರಂಕಿ ಎಂಬ ಮಾತು ಒಂದು ಕಡೆಯೂ ಇರಲಿಲ್ಲ! ಆ ಒಂದು ಪದ ಸರಿ ಮಾಡಿದ್ದಕ್ಕೇ ಆರು ವಾರದಲ್ಲಿ ಚಂದ್ರಂಕಿ ಪುಟದ ಇಂಪ್ರೆಷನ್ (ಹುಡುಕಾಟದಲ್ಲಿ ಪುಟ ಕಾಣಿಸಿಕೊಂಡ ಲೆಕ್ಕ) ಸುಮಾರು ನಾಲ್ಕು ಪಟ್ಟು ಆಯಿತು.

ಎರಡನೇ ಪಾಠ ಕಲಿಸಿದ್ದು ಅಮ್ಮ. ಅಮ್ಮ ಮೂವತ್ತು ವರ್ಷ ಹುಳು ಮೇಯಿಸಿದವರು. ನಾನು ಬಹಳ ಶ್ರದ್ಧೆಯಿಂದ ‘ಗ್ರಾಸರಿ ರೋಗದ ಲಕ್ಷಣಗಳು’ ಎಂದು ಬರೆದು ಓದಿ ಹೇಳಿದೆ. ಹುರುಳಿಕಾಯಿ ಸೋಸುತ್ತಾ ಕೇಳುತ್ತಿದ್ದವರು ನಾಲ್ಕನೇ ಸಾಲಿಗೆ ಕೈ ನಿಲ್ಲಿಸಿ, ‘ಅದ್ಯಾವ್ ಗ್ರಾಸರಿ? ಹಾಲುತೊಂಡೆ ಅನ್ನು. ಮೊದಲು ಏನ್ ಮಾಡ್ಬೇಕು ಅಂತ ಹೇಳು, ಆಮೇಲೆ ಯಾಕೆ ಬಂತು ಅನ್ನು. ಹುಳ ಸಾಯ್ತಾ ಇರೋವಾಗ ಕಥೆ ಯಾರು ಕೇಳ್ತಾರೆ?’ ಅಂದರು. ಅವತ್ತೇ ಎಲ್ಲ ಪುಟಗಳ ತಲೆ ಕೆಳಗೆ ಮಾಡಿದೆ. ಹಾಲುತೊಂಡೆ ಪುಟ ಈಗ ಶುರುವಾಗುವುದೇ ‘ಗಿಣ್ಣು ಊದಿ ಹಾಲಿನಂಥ ನೀರು ಬಿಡುವ ಹುಳುಗಳನ್ನು ಈಗಲೇ ಆರಿಸಿ ತೆಗೆಯಿರಿ, ಸೊಪ್ಪಿನ ಮೇಲೆ ಒಡೆಯಲು ಬಿಡಬೇಡಿ’ ಎಂದು. ಸಪ್ಪೆ ರೋಗ, ಸುಣ್ಣಕಟ್ಟು, ಗಂಟು ರೋಗ, ಊಜಿ ನೊಣ ಎಲ್ಲಕ್ಕೂ ರೈತರ ಹೆಸರೇ ಟೈಟಲ್. ಇಂಗ್ಲಿಷ್ ಹೆಸರು ಒಳಗೆ ಒಂದು ಸಲ ಬರುತ್ತದೆ, ಅಷ್ಟೇ.

ಹುಳುವಿನ ಮೇಲೆ ಉದುರಿಸುವ ಸೋಂಕು ನಿವಾರಕ ‘ವಿಜೇತ’ ಪುಡಿಯ ಪುಟವನ್ನೂ ಹೀಗೇ ತಿದ್ದಿದೆ. ಮೊದಲು ಆ ಪುಟ ‘ಭಾರತದಲ್ಲಿ ರೇಷ್ಮೆ ಕೃಷಿಗೆ ಪುರಾತನ ಇತಿಹಾಸವಿದೆ’ ಎಂದು ಶುರುವಾಗುತ್ತಿತ್ತು. ಈಗ ಮೊದಲ ಸಾಲು: ‘ಹುಳು ಜ್ವರದಿಂದ ಎದ್ದ ಮೇಲೆ, ಸೊಪ್ಪು ಕೊಡುವ ಅರ್ಧ ಗಂಟೆ ಮೊದಲು ಉದುರಿಸಿ, ಐದನೇ ಹಂತದ ನಾಲ್ಕನೇ ದಿನ ಇನ್ನೊಮ್ಮೆ.’ ಜನ ಆ ಒಂದು ಸಾಲು ಓದಿ ಹೊರಟುಬಿಡುತ್ತಾರೆ ಎಂದು ಹೆದರಿದ್ದೆ. ಆದದ್ದು ಬೇರೆ. ಉತ್ತರ ಸಿಕ್ಕವರೇ ಕೆಳಗಿನವರೆಗೆ ಓದಿದರು, ಫೋನ್ ಮಾಡಿದವರೂ ಅವರೇ. ಆ ಪುಟ ಮೂವತ್ತೆಂಟನೇ ಜಾಗದಲ್ಲಿತ್ತು. ಐದು ತಿಂಗಳಿಗೆ ನಾಲ್ಕಕ್ಕೆ ಬಂತು. ಬ್ಯಾಕ್‌ಲಿಂಕ್ ಒಂದೂ ಕೊಂಡಿಲ್ಲ.

‘ಹುಳು ಹಣ್ಣಾಗುತ್ತಿಲ್ಲ’ ಪುಟದ ಕಥೆಯೂ ಹೇಳಬೇಕು. ಡಿಸೆಂಬರ್ ಚಳಿಯಲ್ಲಿ ಒಂದೇ ವಾರ ಹನ್ನೊಂದು ಜನ ಅದನ್ನೇ ಕೇಳಿದರು. ನಾಲ್ಕನೇ ಜ್ವರ ಎದ್ದು ಎಂಟು ದಿನ ಕಳೆದರೂ ಸೊಪ್ಪು ತಿನ್ನುತ್ತಲೇ ಇವೆ, ಗೂಡಿಗೆ ಹತ್ತುತ್ತಿಲ್ಲ ಎಂದು. ಅಂದೇ ರಾತ್ರಿ ಬರೆದೆ. ಸಾಕಣೆ ಮನೆಯ ಶಾಖ ನೋಡಿ, ದೊಡ್ಡ ಹುಳುವಿಗೆ 24–25 ಡಿಗ್ರಿ ಬೇಕು, ಅದಕ್ಕಿಂತ ಇಳಿದರೆ ತಡವಾಗುತ್ತದೆ ಎಂದು ಮೊದಲು ಹಾಕಿ, ನಮ್ಮ ಚಿಕ್ಕಪ್ಪನ ಮನೆಯ ಗೋಡೆಯಲ್ಲಿ ತೂಗುಹಾಕಿದ್ದ ಥರ್ಮಾಮೀಟರಿನ ಫೋಟೋ ಇಟ್ಟೆ. ಅದು ಹತ್ತೊಂಬತ್ತು ತೋರಿಸುತ್ತಿತ್ತು. ಆ ಒಂದು ಫೋಟೋ ಮಾಡಿದ ಕೆಲಸ ದುಡ್ಡು ಕೊಟ್ಟು ತಂದ ಇಪ್ಪತ್ತು ಫೋಟೋ ಮಾಡಲಿಲ್ಲ. ಕೊಳ್ಳೇಗಾಲದಿಂದ ಹೆಣ್ಣುಮಗಳೊಬ್ಬರು ‘ನಮ್ಮನೇಲೂ ಹತ್ತೊಂಬತ್ತೇ ಐತೆ ಅಣ್ಣ’ ಎಂದು ಫೋನ್ ಮಾಡಿದರು. ಅವರು ಈಗ ಖಾಯಂ ಗಿರಾಕಿ, ಸಾಮಾನು ಬಸ್ಸಿನ ಪಾರ್ಸಲ್‌ನಲ್ಲಿ ಹೋಗುತ್ತದೆ.

ಮಧ್ಯೆ ಮಾಡಿದ ಬೇರೆ ಪ್ರಯೋಗಗಳಲ್ಲಿ ಮುಖ್ಯವಾದದ್ದು ರೇಷ್ಮೆ ಗೂಡಿನ ರೇಟಿನ ಪುಟ. ದಿನಾ ಮಧ್ಯಾಹ್ನ ಮಾರುಕಟ್ಟೆಗೆ ಹೋಗಿ ರೇಟು ತಂದು ಹಾಕುತ್ತಿದ್ದೆ. ದಿನಕ್ಕೆ ಮುನ್ನೂರು ಜನ ಬಂದರು, ನನಗೂ ಹುಮ್ಮಸ್ಸು ಬಂತು. ಐದು ತಿಂಗಳು ನಡೆಸಿದರೂ ಆ ಪುಟದಿಂದ ಒಂದು ಚಂದ್ರಂಕಿಯೂ ಮಾರಾಟವಾಗಲಿಲ್ಲ. ರೇಟು ನೋಡುವವರ ಗೂಡು ಆಗಲೇ ಬಿಡಿಸಿ ಮೂಟೆ ಕಟ್ಟಿ ಆಗಿರುತ್ತದೆ, ಅವರಿಗೆ ಆ ಹೊತ್ತಿಗೆ ನನ್ನಿಂದ ಏನೂ ಬೇಕಿಲ್ಲ. ನಿಲ್ಲಿಸಿಬಿಟ್ಟೆ. ಕ್ಲಿಕ್ಕಿನ ಲೆಕ್ಕ ನೋಡಿ ಖುಷಿಪಡುವವರು ದಯವಿಟ್ಟು ಫೋನಿನ ಲೆಕ್ಕವನ್ನೂ ಬರೆದಿಡಿ. ಹಿಂದೂಪುರದವರಿಗೆಂದು ತೆಲುಗಿನಲ್ಲಿ ಎಂಟು ಪುಟ ಹಾಕಿದ್ದೂ ಕೈಗೂಡಲಿಲ್ಲ. ಚಿಂತಾಮಣಿ ಕಡೆ ಮನೆಯಲ್ಲಿ ತೆಲುಗು ಮಾತಾಡುವವರೂ ಹುಡುಕುವಾಗ ಕನ್ನಡದಲ್ಲೇ ಹುಡುಕುತ್ತಾರೆ. ಕನ್ನಡ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವವರಂತೂ ಬೇಕಾದಷ್ಟು ಮಂದಿ ಇದ್ದಾರೆ. ಅವರನ್ನು ಕನ್ನಡ ಪುಟಕ್ಕೇ ಕರೆತರಲು ಒಂದು ಉಪಾಯ ಸಿಕ್ಕಿದೆ. ಅದನ್ನು ಕಂಡುಕೊಳ್ಳಲು ಎಂಟು ತಿಂಗಳು ಹಿಡಿಯಿತು, ಹಾಗಾಗಿ ಸದ್ಯಕ್ಕೆ ನನ್ನಲ್ಲೇ ಇರಲಿ.

ಇನ್ನೊಂದು ತಪ್ಪು ನಿಮ್ಮಲ್ಲೂ ಇರಬಹುದು, ನೋಡಿಕೊಳ್ಳಿ. ನಮ್ಮ ಹಳೇ ಕರಪತ್ರಗಳೆಲ್ಲ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿದ್ದವು. ಎಲ್ಲ ಫೋನೂ ಓದುವ ಯೂನಿಕೋಡ್ ಅಲ್ಲದ್ದರಿಂದ ಸೈಟಿಗೆ ಹಾಕಿದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತಿದ್ದವು. ಅದಕ್ಕೆ ಏಜೆನ್ಸಿಯವರು ಕರಪತ್ರದ ಫೋಟೋವನ್ನೇ ಪುಟವಾಗಿ ಹಾಕಿದ್ದರು. ಫೋಟೋದೊಳಗಿನ ಕನ್ನಡವನ್ನು ಪುಟದ ಬರಹವೆಂದು ಗೂಗಲ್ ಎಣಿಸೀತು ಎಂದು ಕಾಯುವುದು ವ್ಯರ್ಥ. ಡಿಗ್ರಿ ಓದುವ ಹುಡುಗಿಯೊಬ್ಬಳಿಗೆ ಎರಡು ತಿಂಗಳು ಮೂರು ಮೂರು ಸಾವಿರ ಕೊಟ್ಟು ಎಲ್ಲ ಯೂನಿಕೋಡ್‌ಗೆ ತಂದೆ. ಕನ್ವರ್ಟರ್ ಅರ್ಕಾವತ್ತು ಕೆಡಿಸುತ್ತದೆ, ಕೈಯಲ್ಲೇ ತಿದ್ದಬೇಕು. ನಾಲ್ಕು ಎಂಬಿ ಫೋಟೋಗಳನ್ನು ವೆಬ್‌ಪಿ ಎಂಬ ಹಗುರ ರೂಪಕ್ಕೆ ತಂದು, ಅಲಂಕಾರದ ಕನ್ನಡ ಫಾಂಟ್ ತೆಗೆದು ಫೋನಿನ ಫಾಂಟನ್ನೇ ಬಿಟ್ಟೆ. ಎಂಟು ಸೆಕೆಂಡಿಗೆ ತೆರೆಯುತ್ತಿದ್ದ ಪುಟ ಈಗ ಎರಡರೊಳಗೆ ತೆರೆಯುತ್ತದೆ. ತೋಟದಲ್ಲಿ ಒಂದು ಕಡ್ಡಿ ಸಿಗ್ನಲ್‌ನಲ್ಲಿ ನಿಂತವರಿಗೆ ಅದು ದೊಡ್ಡದು.

ಈಗ ಪುಟಗಳು ಐವತ್ತೆರಡೋ ಐವತ್ಮೂರೋ ಇವೆ, ಮೊದಲಿದ್ದದ್ದರ ಅರ್ಧವೂ ಅಲ್ಲ. ದಿನಕ್ಕೆ ನಾನೂರರ ಆಸುಪಾಸು ಕ್ಲಿಕ್, ಆರೇಳು ಫೋನ್. ಒಂದು ವರ್ಷದಲ್ಲಿ ನಾನು ಹಾಕಿದ್ದು ಹೋಸ್ಟಿಂಗ್ ಸೇರಿ ಹದಿನೈದು ಸಾವಿರ ದಾಟಿಲ್ಲ. ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಸರ್ಚ್ ಕನ್ಸೋಲ್‌ನಲ್ಲಿ ಎಂಟರಿಂದ ಇಪ್ಪತ್ತನೇ ಜಾಗದಲ್ಲಿರುವ ಹುಡುಕಾಟಗಳನ್ನು ನೋಡಿ, ಒಂದನ್ನು ಮಾತ್ರ ಆರಿಸಿ ಆ ಪುಟ ತಿದ್ದುತ್ತೇನೆ. ತಿದ್ದಿದ್ದನ್ನು ಅಮ್ಮನಿಗೆ ಓದಿ ಹೇಳದೆ ಹಾಕುವುದಿಲ್ಲ. ಈ ವಾರದ್ದು ಊಜಿ ನೊಣದ ಪುಟ. ಹುಳುವಿನ ಮೈಮೇಲೆ ಊಜಿಯ ಕಪ್ಪು ಚುಕ್ಕೆ ಹತ್ತಿರದಿಂದ ಕಾಣುವಂಥ ಫೋಟೋ ಇನ್ನೂ ಸಿಕ್ಕಿಲ್ಲ. ಚಿಕ್ಕಪ್ಪನ ಮನೆಯ ಈ ಬೆಳೆ ಮೊನ್ನೆ ನಾಲ್ಕನೇ ಜ್ವರದಿಂದ ಎದ್ದಿದೆ, ನಾಳೆ ಬೆಳಿಗ್ಗೆ ಕ್ಯಾಮೆರಾ ತೆಗೆದುಕೊಂಡು ಹೋಗಬೇಕು.